ಶಾಸನವೂ ಸತ್ಯವೂ

ಮೇಲಿನ ತರಗತಿಯಲ್ಲಿ ಪೌರನೀತಿಯ ಪಾಠವು ನಡೆಯುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿಯು ಎದ್ದು ನಿಂತು, “ಅಕ್ಕನವರೇ, ಕಾಯಿದೆ ಮಾಡುವವರನ್ನು ಜನರು ಆರಿಸುತ್ತಾರೆ, ನ್ಯಾಯಾಧೀಶರನ್ನು ಯಾರೂ ಆರಿಸಿಲ್ಲ. ಹೀಗಿರಲು ಇವರು ಅವರನ್ನು ತಡೆಯುವದು ಸರಿಯೇ?” ಎಂದು ಕೇಳಿದಳು. ಪ್ರಶ್ನೆಯು ಚಿಕ್ಕದಲ್ಲ. ಆಶ್ರಯ ಬೇಡಿ ಬರುವ ಪರದೇಶದವರ ವಿಷಯದಲ್ಲಿ ಯೂರೋಪಿನ ಸರಕಾರಗಳಿಗೂ ನ್ಯಾಯಸ್ಥಾನಗಳಿಗೂ ಕೆಲವು ವರ್ಷಗಳಿಂದ ನಡೆದಿರುವ ವಾದವೂ ಇದೇ. ಅಂದು ಗಂಟೆಯಾದದ್ದರಿಂದ ನನ್ನ ಉತ್ತರವು ಅರ್ಧಕ್ಕೆ ನಿಂತಿತು. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

2022ನೆಯ ಏಪ್ರಿಲ್‌ನಲ್ಲಿ ಬ್ರಿಟಿಷ್ ಸರಕಾರವು ಒಂದು ಏರ್ಪಾಡನ್ನು ಪ್ರಕಟಿಸಿತು. ಸಣ್ಣ ದೋಣಿಗಳಲ್ಲಿ ಕಡಲ್ಗಾಲುವೆಯನ್ನು ದಾಟಿ ಬರುವವರನ್ನು ಆಫ್ರಿಕ ಖಂಡದ ರುವಾಂಡ ದೇಶಕ್ಕೆ ಕಳುಹಿಸಬೇಕು. ಅವರ ಅರ್ಜಿಗಳನ್ನು ಅಲ್ಲಿಯವರೇ ವಿಚಾರಿಸಬೇಕು. ಆಶ್ರಯವು ದೊರೆತರೂ ಅವರು ಅಲ್ಲಿಯೇ ಇರತಕ್ಕದ್ದು. ಆ ವರ್ಷದ ಜೂನ್ 14ರಂದು ಹೊರಡಲಿದ್ದ ಮೊದಲನೆಯ ವಿಮಾನವು ಸ್ಟ್ರಾಸ್‌ಬುರ್ಗ್ ನಗರದಲ್ಲಿರುವ ಯೂರೋಪಿನ ಮಾನವ ಹಕ್ಕುಗಳ ನ್ಯಾಯಸ್ಥಾನದ ಮಧ್ಯಂತರ ಆಜ್ಞೆಯಿಂದ ನಿಂತುಹೋಯಿತು. ಡಿಸೆಂಬರ್‌ನಲ್ಲಿ ಲಂಡನಿನ ಹೈಕೋರ್ಟು ಈ ಏರ್ಪಾಡು ಕಾನೂನಿಗೆ ಸಮ್ಮತವೆಂದಿತು. ಮೊದಲು ಸರಕಾರದ ಪಕ್ಷವನ್ನು ಎತ್ತಿ ಹಿಡಿದವರೂ ನ್ಯಾಯಾಧೀಶರೇ ಎಂಬದನ್ನು ನಮ್ಮ ಓದುಗರು ಮರೆಯಬಾರದು. 2023ರ ಜೂನ್‌ನಲ್ಲಿ ಮೇಲ್ಮನವಿಯ ನ್ಯಾಯಸ್ಥಾನವು ಬಹುಮತದಿಂದ ಆ ತೀರ್ಪನ್ನು ತಿರುಗಿಸಿತು; ನವೆಂಬರ್ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಒಮ್ಮತದಿಂದ, ಇದು ಸಲ್ಲದು ಎಂದರು.

ಅವರು ನೋಡಿದ್ದು ಏನನ್ನು? ಪರದೇಶದವರು ಬರುವದು ಒಳ್ಳೆಯದೋ ಕೆಟ್ಟದ್ದೋ ಎಂಬದನ್ನಲ್ಲ. ಅದು ತಮ್ಮ ಕೆಲಸವಲ್ಲವೆಂದು ಅವರೇ ಸ್ಪಷ್ಟವಾಗಿ ಹೇಳಿದ್ದರು. ಪ್ರಾಣಭಯದಿಂದ ಓಡಿ ಬಂದವನನ್ನು ಪುನಃ ಆ ಭಯದ ಬಾಯಿಗೆ ತಳ್ಳಬಾರದೆಂಬದು 1951ರ ಜಿನೀವ ಒಪ್ಪಂದದ ಮುಖ್ಯ ಕಟ್ಟಳೆ. ರುವಾಂಡಕ್ಕೆ ಹೋದವರು ಅಲ್ಲಿಂದ ತಮ್ಮ ಸ್ವದೇಶಕ್ಕೆ ಅಟ್ಟಲ್ಪಡುವ ಅಪಾಯವುಂಟೋ ಇಲ್ಲವೋ ಎಂಬಷ್ಟನ್ನೇ ಅವರು ಸಾಕ್ಷ್ಯದಿಂದ ತೂಗಿದರು. 2020ರಿಂದ 2022ರ ವರೆಗೆ ಅಫಘಾನಿಸ್ತಾನ, ಸಿರಿಯ, ಯೆಮೆನ್ ದೇಶದವರ ಅರ್ಜಿಗಳನ್ನು ರುವಾಂಡವು ನೂರಕ್ಕೆ ನೂರರಂತೆ ತಿರಸ್ಕರಿಸಿತ್ತೆಂದು ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗವು ತೋರಿಸಿಕೊಟ್ಟಿತು. ಯುದ್ಧದಿಂದ ಬೆಂದ ನಾಡುಗಳಿಂದ ಬಂದವರಲ್ಲಿ ಒಬ್ಬನಾದರೂ ಆಶ್ರಯಕ್ಕೆ ಅರ್ಹನಾಗಿರಲಿಲ್ಲವೇ?

ಆಮೇಲೆ ನಡೆದದ್ದೇ ನನ್ನ ಮನಸ್ಸಿಗೆ ಬಹಳ ಹತ್ತಿದ ವಿಷಯ. ಸರಕಾರವು ರುವಾಂಡದೊಡನೆ ಹೊಸ ಒಪ್ಪಂದವನ್ನು ಮಾಡಿಕೊಂಡಿತು, ಇದು ಯೋಗ್ಯವೇ. ಆದರೆ ಆ ಒಪ್ಪಂದವು ನಡೆಯಲ್ಲಿ ಹೇಗಿರುವದೆಂದು ಯಾರೂ ಪರೀಕ್ಷಿಸುವ ಮೊದಲೇ, 2024ನೆಯ ಏಪ್ರಿಲ್‌ನಲ್ಲಿ, ರುವಾಂಡವು ಸುರಕ್ಷಿತ ದೇಶವೆಂದೂ ನ್ಯಾಯಾಧೀಶರೆಲ್ಲರೂ ಹಾಗೆಯೇ ಎಣಿಸತಕ್ಕದ್ದೆಂದೂ ಪಾರ್ಲಿಮೆಂಟು ಕಾಯಿದೆಯನ್ನು ಮಾಡಿತು. ಒಬ್ಬನು ತನ್ನ ಸ್ವಂತ ಪರಿಸ್ಥಿತಿಯನ್ನು ಮುಂದಿಟ್ಟು ವಾದಿಸಲು ಒಂದು ಕಿರಿದಾದ ಬಾಗಿಲನ್ನು ತೆರೆದಿಟ್ಟರು. ಸುಪ್ರೀಂ ಕೋರ್ಟು ಕಂಡ ಅಪಾಯವನ್ನಾದರೋ ಆ ಬಾಗಿಲಲ್ಲಿ ಎತ್ತಕೂಡದು.

ಹಲವು ವರ್ಷಗಳ ಹಿಂದೆ, ನಾನು ಬೇರೊಂದು ಊರಿನಲ್ಲಿ ಕಿರಿಯ ಶಿಕ್ಷಕಿಯಾಗಿದ್ದಾಗ, ಪ್ರತಿಷ್ಠಿತ ಮನೆತನದ ಒಬ್ಬ ಹುಡುಗಿಗೆ ಪರೀಕ್ಷೆಗೆ ಬೇಕಾದಷ್ಟು ಹಾಜರಿ ಇರಲಿಲ್ಲ. ಅವಳನ್ನು ಪರೀಕ್ಷೆಗೆ ಬಿಡಿರೆಂದು ಅಪ್ಪಣೆಯಾಗಿದ್ದರೆ ನಾನು ಬಿಡುತ್ತಿದ್ದೆನು. ನಿಯಮವನ್ನು ಸಡಿಲಿಸುವ ಅಧಿಕಾರವು ಮೇಲಿನವರಿಗೆ ಉಂಟು. ಆದರೆ ಅವಳು ಬಾರದ ದಿನಗಳಲ್ಲಿ ಬಂದಿದ್ದಳೆಂದು ಹಾಜರಿ ಪುಸ್ತಕದಲ್ಲಿ ಬರೆಯಿರಿ ಎಂದರು. ನಾನು ಬರೆಯಲಿಲ್ಲ. ಅದರಿಂದ ನನಗಾದ ತೊಂದರೆಯ ಮಾತು ಇಲ್ಲಿ ಬೇಡ.

ಪಾರ್ಲಿಮೆಂಟು ಸರ್ವಾಧಿಕಾರವುಳ್ಳದ್ದು. ‘ಅಪಾಯವುಂಟೆಂದು ಬಲ್ಲೆವು, ಒಪ್ಪಂದಗಳನ್ನು ಬಿಟ್ಟು, ಆದರೂ ಕಳುಹಿಸುವೆವು’ ಎಂದು ಅದು ಹೇಳಿದ್ದರೆ ಕಠಿನವಾದ ಮಾತಾಗುತ್ತಿತ್ತು, ಆದರೂ ಮತದಾರರು ಅದನ್ನು ತೂಗಿ ನೋಡಬಹುದಿತ್ತು. ಅಪಾಯವೇ ಇಲ್ಲವೆಂದು ನ್ಯಾಯಾಧೀಶನ ಕೈಯಿಂದ ಬರೆಯಿಸುವದು ಬೇರೆ. 2024ರ ಜುಲೈಯಲ್ಲಿ ಬಂದ ಹೊಸ ಸರಕಾರವು ಈ ಏರ್ಪಾಡನ್ನು ಕೈಬಿಟ್ಟಿತು. 70 ಕೋಟಿ ಪೌಂಡು ವೆಚ್ಚವಾಗಿದೆಯೆಂದೂ ಸ್ವಂತ ಇಚ್ಛೆಯಿಂದ ಹೋದವರು ನಾಲ್ವರೇ ಎಂದೂ ಗೃಹಮಂತ್ರಿಗಳು ಸಭೆಗೆ ತಿಳಿಸಿದರು.

ಇಟಲಿಯಲ್ಲಿಯೂ ಇಂಥದೇ. 2024ರ ಅಕ್ಟೋಬರ್‌ನಲ್ಲಿ ಅದರ ನೌಕಾದಳದ ಹಡಗು ಬಂಗ್ಲಾದೇಶ ಮತ್ತು ಈಜಿಪ್ಟಿನ 16 ಜನರನ್ನು ಸಮುದ್ರದಿಂದ ಎತ್ತಿ, ಇಟಲಿಯು ಅಲ್ಬೇನಿಯದಲ್ಲಿ ಕಟ್ಟಿಸಿದ ಶಿಬಿರಕ್ಕೆ ಒಯ್ದಿತು. ನಾಲ್ವರನ್ನು ಆಗಲೇ ಹಿಂದಕ್ಕೆ ತಂದರು. ಉಳಿದ 12 ಜನರ ಬಂಧನವನ್ನು ರೋಮಿನ ನ್ಯಾಯಸ್ಥಾನವು ಒಪ್ಪಲಿಲ್ಲ. ಮೂರೇ ದಿನಗಳಲ್ಲಿ ಸರಕಾರವು ‘ಸುರಕ್ಷಿತ’ವಾದ 19 ದೇಶಗಳ ಪಟ್ಟಿಯನ್ನು ಕಾನೂನಿನ ಬಲವುಳ್ಳ ಶಾಸನವನ್ನಾಗಿ ಹೊರಡಿಸಿತು. ಲಕ್ಸೆಂಬರ್ಗಿನಲ್ಲಿರುವ ಯೂರೋಪು ಒಕ್ಕೂಟದ ನ್ಯಾಯಸ್ಥಾನವು 2025ನೆಯ ಆಗಸ್ಟ್ 1ರಂದು ಕೊಟ್ಟ ಉತ್ತರವು ಬಹು ಸಮಂಜಸವಾಗಿದೆ: ಪಟ್ಟಿಯನ್ನು ಶಾಸನದಿಂದ ಮಾಡಬಹುದು, ಆದರೆ ಅದಕ್ಕೆ ಆಧಾರವೇನೆಂಬದನ್ನು ಅರ್ಜಿದಾರನೂ ನ್ಯಾಯಾಧೀಶನೂ ಪರೀಕ್ಷಿಸುವಂತಿರಬೇಕು.

ಸರಕಾರಗಳ ಕಷ್ಟವನ್ನು ನಾನು ಅಲ್ಲಗಳೆಯುವದಿಲ್ಲ. 2025ರ ಮೇ ತಿಂಗಳಲ್ಲಿ ಇಟಲಿ, ಡೆನ್ಮಾರ್ಕು ಮೊದಲಾದ ಒಂಬತ್ತು ದೇಶಗಳ ಮುಖ್ಯಸ್ಥರು ಬಹಿರಂಗ ಪತ್ರ ಬರೆದು, ಸ್ಟ್ರಾಸ್‌ಬುರ್ಗಿನ ನ್ಯಾಯಾಧೀಶರು ಮಾನವ ಹಕ್ಕುಗಳ ಒಪ್ಪಂದವನ್ನು ಅತಿಯಾಗಿ ಹಿಗ್ಗಿಸಿದ್ದಾರೋ ಎಂದು ಕೇಳಿದರು. ಒಪ್ಪಂದವನ್ನು ತಿದ್ದಬೇಕಾದರೆ ರಾಷ್ಟ್ರಗಳು ಕೂಡಿ ತಿದ್ದಲಿ, ಅದಕ್ಕೆ ದಾರಿಯುಂಟು.

ಅಂದು ಗಂಟೆಯಾದ ಮೇಲೆಯೂ ಆ ಹುಡುಗಿಯು ಬಾಗಿಲ ಬಳಿ ನಿಂತು, “ನ್ಯಾಯಾಧೀಶರೇ ತಪ್ಪಿದರೆ?” ಎಂದು ಮತ್ತೂ ಕೇಳಿದ್ದಳು. ತಪ್ಪುತ್ತಾರೆ, ಮಗಳೇ; ಲಂಡನಿನಲ್ಲಿ ಡಿಸೆಂಬರ್‌ನ ತೀರ್ಪನ್ನು ಜೂನ್‌ನಲ್ಲಿ ತಿದ್ದಿದವರೂ ನ್ಯಾಯಾಧೀಶರೇ. ಅವಳು ಈಗ ಶಾಲೆಯನ್ನು ಮುಗಿಸಿ ಹೋಗಿದ್ದಾಳೆ. ಈ ಸಂಚಿಕೆಯ ಒಂದು ಪ್ರತಿಯನ್ನು ಅವಳ ಮನೆಗೆ ಕಳುಹಿಸಲು ಹೇಳಿದ್ದೇನೆ.