ಮನೆಯ ಹೊಸ್ತಿಲೂ ಸರ್ಕಾರದ ಕಾಲೂ

ನಮ್ಮ ಕಾಲೇಜಿನ ಚರ್ಚಾಕೂಟದಲ್ಲಿ ಈ ವರ್ಷ ‘ಸಂಸಾರದ ವಿಷಯಗಳಲ್ಲಿ ಸರ್ಕಾರವು ಕೈಹಾಕಕೂಡದು’ ಎಂಬ ವಿಷಯವನ್ನು ಚರ್ಚೆಗೆ ಇಟ್ಟಿದ್ದರು. ನಾನು ವಿಷಯದ ಪರವಾಗಿ ಮಾತನಾಡಿದೆ. ನನ್ನ ವಾದಕ್ಕೆ ಬಲವಾದ ಸಾಕ್ಷಿಯೊಬ್ಬರು ಬೇಕೆಂದು ಹುಡುಕಿದಾಗ ದೊರೆತವರು ಅಮೆರಿಕಾ ಸಂಯುಕ್ತ ಸಂಸ್ಥಾನದ ರಾನ್ ಪಾಲ್ ಅವರು. ಚಪ್ಪಾಳೆಯೇನೋ ಬಿದ್ದಿತು. ಆದರೆ ಆಮೇಲೆ ಅವರ ಅಭಿಪ್ರಾಯಗಳನ್ನು ಸಾವಧಾನವಾಗಿ ಓದುತ್ತ ಹೋದಂತೆ, ವೇದಿಕೆಯ ಮೇಲೆ ನಾನು ಹೇಳಿದ್ದು ಅರ್ಧ ಸತ್ಯವೆಂದು ತೋರಿತು. ಉಳಿದರ್ಧವನ್ನು ಹೇಳಿಬಿಡುವುದು ಕೇಳಿದವರಿಗೆ ನಾನು ಸಲ್ಲಿಸಬೇಕಾದ ಋಣವೆಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಪಾಲ್ ಅವರು 1935ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಹುಟ್ಟಿದವರು. ವೃತ್ತಿಯಿಂದ ಪ್ರಸೂತಿ ವೈದ್ಯರು. ಟೆಕ್ಸಾಸಿನ ಲೇಕ್ ಜಾಕ್ಸನ್ ಎಂಬ ಊರಿನಲ್ಲಿ ನೆಲಸಿ, ತಮ್ಮ ಕೈಯಲ್ಲಿ 4000ಕ್ಕೂ ಹೆಚ್ಚು ಕೂಸುಗಳು ಭೂಮಿಗೆ ಬಂದವೆಂದು ಹೇಳಿಕೊಳ್ಳುವವರು. 1976ರಿಂದ 2013ರ ಆರಂಭದವರೆಗೆ, ನಡುನಡುವೆ ಬಿಡುವುಗಳಿದ್ದರೂ, ಅಲ್ಲಿಯ ಪ್ರತಿನಿಧಿಸಭೆಯಲ್ಲಿ ಕುಳಿತವರು. ಅಧ್ಯಕ್ಷಪದವಿಗೆ ಮೂರು ಬಾರಿ ಪ್ರಯತ್ನಿಸಿದರು. 1988ರಲ್ಲಿ ಲಿಬರ್ಟೇರಿಯನ್ ಪಕ್ಷದ ಅಭ್ಯರ್ಥಿಯಾಗಿ ನಿಂತಾಗ ಅವರಿಗೆ ಬಿದ್ದ ಮತಗಳು ಸುಮಾರು 4 ಲಕ್ಷದ 30 ಸಾವಿರ. 2008 ಮತ್ತು 2012ರಲ್ಲಿ ರಿಪಬ್ಲಿಕನ್ ಪಕ್ಷದ ಉಮೇದುವಾರಿಕೆಯನ್ನೇ ಕೋರಿದರು. ಮೂರು ಸಲವೂ ಸೋಲು. ಆದರೂ ಎಪ್ಪತ್ತು ದಾಟಿದ ಈ ವೃದ್ಧರ ಹಿಂದೆ ಕಾಲೇಜು ವಿದ್ಯಾರ್ಥಿಗಳು ಗುಂಪುಗುಂಪಾಗಿ ನಡೆದರು. ನಮ್ಮಂಥ ತರುಣರು ಅವರಲ್ಲಿ ಏನನ್ನು ಕಂಡರು?

ಅವರು ಕಂಡದ್ದು ಒಂದು ನೇರವಾದ ತತ್ತ್ವವನ್ನು. ಮನುಷ್ಯನು ತನ್ನ ದೇಹಕ್ಕೂ ದುಡಿಮೆಗೂ ಆಸ್ತಿಗೂ ತಾನೇ ಒಡೆಯ. ಅವನು ಇನ್ನೊಬ್ಬರ ಮೇಲೆ ಬಲಪ್ರಯೋಗ ಮಾಡದಿರುವ ತನಕ ಅವನನ್ನು ಯಾರೂ ತಡೆಯಕೂಡದು. ಸರ್ಕಾರವಿರುವುದು ಈ ಒಡೆತನವನ್ನು ಕಾಯುವುದಕ್ಕೇ ಹೊರತು ಜನರನ್ನು ತಿದ್ದುವುದಕ್ಕಲ್ಲ. ಲಿಬರ್ಟೇರಿಯನ್ ವಾದದ ತಿರುಳು ಇಷ್ಟೇ. ವಿವಾಹವೆಂದರೆ ಒಂದು ಗಂಡು ಒಂದು ಹೆಣ್ಣಿನ ಸಂಬಂಧವೆಂಬುದು ಪಾಲ್ ಅವರ ಸ್ವಂತ ನಂಬಿಕೆ. ಆದರೂ ಆ ಅರ್ಥವನ್ನು ರಾಜ್ಯಾಂಗದಲ್ಲಿಯೇ ಬರೆಯಿಸಬೇಕೆಂಬ ತಿದ್ದುಪಡಿ 2004ರಲ್ಲಿ ಬಂದಾಗ ಅವರು ಅದನ್ನು ವಿರೋಧಿಸಿದರು. ಮದುವೆಗೆ ಸರ್ಕಾರದ ಪರವಾನಗಿ ಏತಕ್ಕೆಂಬುದೇ ಅವರ ಪ್ರಶ್ನೆ. ಮಾದಕ ವಸ್ತುಗಳನ್ನು ಅವರು ಮೆಚ್ಚಿದವರಲ್ಲ. ಆದರೆ ಗಾಂಜಾದ ಮೇಲಿನ ಒಕ್ಕೂಟ ಸರ್ಕಾರದ ನಿಷೇಧವನ್ನು ತೆಗೆಯಬೇಕೆಂಬ ಮಸೂದೆಯನ್ನು 2011ರಲ್ಲಿ, ವಿರೋಧಪಕ್ಷದ ಬಾರ್ನಿ ಫ್ರಾಂಕ್ ಅವರೊಡನೆ ಸೇರಿ ಮಂಡಿಸಿದರು. ಅದೇ ವರ್ಷ ದಕ್ಷಿಣ ಕ್ಯಾರೊಲಿನಾದ ಒಂದು ಸಭೆಯಲ್ಲಿ, ನಾಳೆ ಹೆರಾಯಿನ್ ಕಾನೂನುಬದ್ಧವಾದರೆ ನಿಮ್ಮಲ್ಲಿ ಎಷ್ಟು ಮಂದಿ ಸೇವಿಸುವಿರಿ ಎಂದು ಎದುರಿಗಿದ್ದವರನ್ನೇ ಕೇಳಿ ನಗಿಸಿದರು. ಸಂಯಮವು ಪೋಲೀಸಿನಿಂದ ಬರುವುದಲ್ಲ, ಮನೆಯ ಶಿಕ್ಷಣದಿಂದ ಬರುವುದು ಎಂಬುದು ಆ ಮಾತಿನ ತಾತ್ಪರ್ಯ.

ಆಡಿದಂತೆ ನಡೆದವರೆಂಬುದರಲ್ಲೂ ಸಂದೇಹವಿಲ್ಲ. ಸರ್ಕಾರದ ವೈದ್ಯಕೀಯ ನೆರವಿನ ಹಣವನ್ನು ಅವರು ತಮ್ಮ ಚಿಕಿತ್ಸಾಲಯದಲ್ಲಿ ಮುಟ್ಟಲಿಲ್ಲ. ಬಡ ರೋಗಿಗಳನ್ನು ಕಡಿಮೆ ಶುಲ್ಕಕ್ಕೋ ಬಿಟ್ಟಿಯಾಗಿಯೋ ನೋಡಿದರು. ಸಭೆಯ ಸದಸ್ಯರಿಗೆ ಸಲ್ಲುವ ನಿವೃತ್ತಿವೇತನವನ್ನೂ ಬೇಡವೆಂದರು. ಇಂಥ ರಾಜಕಾರಣಿಯನ್ನು ಗೌರವಿಸದಿರಲು ನನ್ನಿಂದಾಗದು.

ಇಷ್ಟನ್ನು ಹೇಳಿ ನಾನು ವೇದಿಕೆಯಿಂದ ಇಳಿದಿದ್ದೆ. ಇನ್ನು ಹೇಳದೆ ಉಳಿದ ಮಾತು.

ಗರ್ಭಪಾತದ ವಿಷಯದಲ್ಲಿ ಪಾಲ್ ಅವರ ನಿಲುವು ಬೇರೆ. ಹೊಟ್ಟೆಯೊಳಗಿನ ಶಿಶುವೂ ಒಂದು ಜೀವ, ಅದನ್ನು ಕಾಯುವುದು ಕಾನೂನಿನ ಧರ್ಮ ಎಂದು ಅವರು ನಂಬಿದವರು. ಪ್ರಸೂತಿಗೃಹದಲ್ಲಿ ಬಾಳನ್ನು ಕಳೆದ ವೈದ್ಯರ ಈ ನಂಬಿಕೆಯನ್ನು ಹಗುರವಾಗಿ ಕಾಣಲಾರೆ. ಆದರೆ ಅವರು ತೋರಿಸಿದ ದಾರಿ ಯಾವುದು? ಇಂಥ ಪ್ರಶ್ನೆಗಳನ್ನು ಒಕ್ಕೂಟದ ನ್ಯಾಯಾಲಯಗಳ ಕೈಯಿಂದ ಕಿತ್ತು ಒಂದೊಂದು ರಾಜ್ಯಕ್ಕೂ ಒಪ್ಪಿಸಬೇಕೆಂಬುದು. 2003ರಲ್ಲಿ ಟೆಕ್ಸಾಸಿನ ಸಲಿಂಗಕಾಮ ನಿಷೇಧದ ಕಾನೂನನ್ನು ಸುಪ್ರೀಂ ಕೋರ್ಟು ರದ್ದುಮಾಡಿದಾಗಲೂ ಅವರದು ಇದೇ ಮಾತು: ಆ ಕಾನೂನು ಹಾಸ್ಯಾಸ್ಪದವೇ ಸರಿ, ಆದರೆ ಅಂಥ ಕಾನೂನು ಮಾಡುವ ಹಕ್ಕು ರಾಜ್ಯಕ್ಕೆ ಉಂಟು.

ಇಲ್ಲಿಯೇ ನನಗೆ ಸಂಶಯ ಹುಟ್ಟಿದ್ದು. ಮಲಗುವ ಕೋಣೆಯ ಬಾಗಿಲನ್ನು ತಟ್ಟುವ ಪೋಲೀಸಿನವನು ವಾಷಿಂಗ್‌ಟನ್ನಿನಿಂದ ಬಂದರೇನು, ಆಸ್ಟಿನ್ನಿನಿಂದ ಬಂದರೇನು? 2022ರಲ್ಲಿ ಸುಪ್ರೀಂ ಕೋರ್ಟು 1973ರ ತನ್ನ ತೀರ್ಪನ್ನು ತಾನೇ ತಳ್ಳಿಹಾಕಿ ಗರ್ಭಪಾತದ ಪ್ರಶ್ನೆಯನ್ನು ರಾಜ್ಯಗಳಿಗೆ ಬಿಟ್ಟಿತು. ಟೆಕ್ಸಾಸ್ ಬಹುಮಟ್ಟಿಗೆ ಸಂಪೂರ್ಣ ನಿಷೇಧವನ್ನು ತಂದಿತು. ಅಲ್ಲಿ ಸರ್ಕಾರದ ಕಾಲು ಹೊಸ್ತಿಲಿನಿಂದ ಹಿಂದೆಗೆಯಲಿಲ್ಲ. ಕಾಲು ಯಾರದೆಂಬುದಷ್ಟೇ ಬದಲಾಯಿತು. ದೂರದ ಬೆಟ್ಟ ನುಣ್ಣಗೆ ಎಂದು ನಮ್ಮವರು ಹೇಳುತ್ತಾರೆ. ಪಾಲ್ ಅವರಿಗೆ ಹತ್ತಿರದ ಬೆಟ್ಟವೇ ನುಣ್ಣಗೆ ಕಂಡಿತು.

ಎರಡನೆಯ ಸಂಶಯ ಇದಕ್ಕಿಂತ ದೊಡ್ಡದು. 1964ರ ಪೌರಹಕ್ಕುಗಳ ಶಾಸನದಿಂದ ಅಮೆರಿಕಾದ ಹೋಟೆಲು, ಭೋಜನಾಲಯ, ನಾಟಕಶಾಲೆಗಳು ಕಪ್ಪು ಜನರಿಗೆ ಬಾಗಿಲು ಮುಚ್ಚುವುದು ಕಾನೂನಿಗೆ ವಿರುದ್ಧವಾಯಿತು. ಆ ಶಾಸನಕ್ಕೆ 40 ವರ್ಷ ತುಂಬಿದಾಗ, 2004ರಲ್ಲಿ, ಪ್ರತಿನಿಧಿಸಭೆ ಅದನ್ನು ಕೊಂಡಾಡುವ ನಿರ್ಣಯವನ್ನು ಮತಕ್ಕೆ ಹಾಕಿತು. ಪರವಾಗಿ 414, ವಿರುದ್ಧವಾಗಿ 1. ಆ ಒಂದು ಮತ ಪಾಲ್ ಅವರದು. ವರ್ಣಭೇದವನ್ನು ಅವರು ಸಮರ್ಥಿಸಲಿಲ್ಲ. ಅಂಗಡಿ ಅಂಗಡಿಯವನ ಆಸ್ತಿ, ಒಳಗೆ ಯಾರನ್ನು ಬಿಡಬೇಕೆಂಬುದು ಅವನ ಇಚ್ಛೆ ಎಂದು ವಾದಿಸಿದರು. ತತ್ತ್ವಕ್ಕೆ ಇದು ಒಪ್ಪುವ ಮಾತು. ಆದರೆ ಮುಚ್ಚಿದ ಬಾಗಿಲಿನ ಹೊರಗೆ ನಿಂತವನ ಸ್ವಾತಂತ್ರ್ಯ ಎಲ್ಲಿ ಹೋಯಿತು? ಆಳುವವರು ಸರ್ಕಾರವೊಂದೇ ಅಲ್ಲ. ಊರು ಆಳುತ್ತದೆ, ಕುಲ ಆಳುತ್ತದೆ, ಹಣ ಆಳುತ್ತದೆ, ಮನೆಯ ಹಿರಿಯರೂ ಆಳುತ್ತಾರೆ.

ಇದು ನಮ್ಮ ದೇಶದವರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ. ಕೆರೆ, ಬಾವಿ, ಅಂಗಡಿ, ಹೋಟೆಲುಗಳಲ್ಲಿ ಜಾತಿಯ ನೆವದಿಂದ ಯಾರನ್ನೂ ತಡೆಯಕೂಡದೆಂದು ನಮ್ಮ ರಾಜ್ಯಾಂಗದ 15ನೆಯ ವಿಧಿ ಹೇಳುತ್ತದೆ. 17ನೆಯ ವಿಧಿ ಅಸ್ಪೃಶ್ಯತೆಯನ್ನೇ ರದ್ದುಮಾಡುತ್ತದೆ. ಪ್ರಾಯಕ್ಕೆ ಬಂದ ಇಬ್ಬರು ಮೆಚ್ಚಿ ಮದುವೆಯಾದರೆ ಮನೆತನದ ಅಥವಾ ಕುಲದ ಒಪ್ಪಿಗೆ ಅಗತ್ಯವಿಲ್ಲವೆಂದು 2018ರಲ್ಲಿ ನಮ್ಮ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ನುಡಿಯಿತು. ಸಂಸಾರದ ವಿಷಯದಲ್ಲಿ ಸರ್ಕಾರ ಕೈಹಾಕಬಾರದೆಂದು ನಾನು ವೇದಿಕೆಯ ಮೇಲೆ ಗುಡುಗಿದಾಗ, ಮನೆಯವರ ಭಯದಿಂದ ಓದನ್ನು ಅರ್ಧಕ್ಕೇ ನಿಲ್ಲಿಸಬೇಕಾಗಿ ಬಂದ ಸಹಪಾಠಿನಿಯ ನೆನಪು ನನಗೆ ಬರಲಿಲ್ಲ. ಬರಬೇಕಾಗಿತ್ತು. ಹೊಸ್ತಿಲಿನ ಒಳಗೆ ಅವಳ ಪರವಾಗಿ ಮಾತನಾಡುವವರು ಯಾರೂ ಇರಲಿಲ್ಲ.

2011ರ ಚುನಾವಣಾ ಚರ್ಚೆಯೊಂದರಲ್ಲಿ ಪಾಲ್ ಅವರಿಗೆ ಒಂದು ಪ್ರಶ್ನೆ ಬಂದಿತು: ವಿಮೆ ಮಾಡಿಸದ ಮೂವತ್ತು ವರ್ಷದ ತರುಣನು ಮರಣಶಯ್ಯೆಯಲ್ಲಿದ್ದರೆ ಅವನ ಚಿಕಿತ್ಸೆಗೆ ಹಣ ಕೊಡುವವರಾರು? ತನ್ನ ಅಪಾಯಕ್ಕೆ ತಾನೇ ಹೊಣೆಯಾಗುವುದೇ ಸ್ವಾತಂತ್ರ್ಯ ಎಂದರು. ಸಾಯಲು ಬಿಡಬೇಕೆ ಎಂದು ಒತ್ತಿ ಕೇಳಿದಾಗ, ಇಲ್ಲ, ನೆರೆಹೊರೆ, ಸ್ನೇಹಿತರು, ಚರ್ಚುಗಳು ನೋಡಿಕೊಳ್ಳುತ್ತವೆ ಎಂದರು. ನೆರೆಹೊರೆಯವರ ಕರುಣೆ ದೊಡ್ಡದು. ಆದರೆ ಕರುಣೆಯನ್ನು ಬೇಡಬೇಕಾಗುತ್ತದೆ, ಹಕ್ಕನ್ನು ಕೇಳಬಹುದು. ಒಕ್ಕೂಟದ ಶಿಕ್ಷಣ ಇಲಾಖೆಯನ್ನೇ ಮುಚ್ಚಬೇಕೆಂಬುದೂ ಅದೇ ವರ್ಷ ಅವರು ಪ್ರಕಟಿಸಿದ ಯೋಜನೆಯಲ್ಲಿತ್ತು. ಸರ್ಕಾರಿ ಕಾಲೇಜಿನ ಬೆಂಚಿನ ಮೇಲೆ ಕುಳಿತು ಈ ಮಾತಿಗೆ ತಲೆದೂಗುವುದು ನನಗೆ ಕಷ್ಟ. ನನ್ನ ತರಗತಿಯಲ್ಲಿ ಹಲವರು ತಮ್ಮ ವಂಶದಲ್ಲಿಯೇ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದವರು.

ಹಾಗಾದರೆ ಪಾಲ್ ಅವರಿಂದ ಕಲಿಯುವುದು ಏನೂ ಇಲ್ಲವೆ? ಉಂಟು. ಯಾವ ಕಾನೂನು ಬಂದರೂ, ಇದು ಸರಿಯೆ ಎಂದು ಕೇಳುವ ಮೊದಲು ಇದನ್ನು ತೀರ್ಮಾನಿಸುವ ಹಕ್ಕು ಯಾರದು ಎಂದು ಕೇಳಬೇಕೆಂಬುದು ಅವರು ಕಲಿಸಿದ ಪಾಠ. ನಾನು ಉಣ್ಣುವುದು, ಉಡುವುದು, ನಂಬುವುದು, ಪ್ರೀತಿಸುವುದು ಸರ್ಕಾರದ ಕಡತಕ್ಕೆ ಸೇರಬೇಕಾದುದಲ್ಲ. ಈ ಎಚ್ಚರ ನಮಗೆ ಇಂದು ಬಹಳ ಬೇಕು. ಆದರೆ ಅದೇ ಪ್ರಶ್ನೆಯನ್ನು ಊರಿಗೂ, ಕುಲಕ್ಕೂ, ಮನೆಗೂ ಕೇಳುವ ಧೈರ್ಯ ಬೇಕು.

ಮುಂದಿನ ವರ್ಷ ಇದೇ ವಿಷಯ ಚರ್ಚೆಗೆ ಬಂದರೆ ನಾನು ಯಾವ ಪಕ್ಷದಲ್ಲಿ ನಿಲ್ಲುವೆನೆಂದು ಮಿತ್ರರು ಕೇಳಿದ್ದಾರೆ. ಸರ್ಕಾರವು ಹೊಸ್ತಿಲಿನ ಹೊರಗೇ ನಿಲ್ಲಲಿ. ಆದರೆ ಒಳಗಿನಿಂದ ಯಾರಾದರೂ ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿರಲಿ. ಇದು ಪರವೋ ವಿರೋಧವೋ ಎಂಬುದನ್ನು ತೀರ್ಪುಗಾರರೇ ಹೇಳಬೇಕು.