ಶಾಲೆಗೆ ಬಂದ ಛತ್ರೀದಳ

ಎರಡನೆಯ ಮಹಾಯುದ್ಧದಲ್ಲಿ, ವಿಮಾನದಿಂದ ಶತ್ರುವಿನ ಬೆನ್ನ ಹಿಂದೆ ಧುಮುಕುವುದೇ ಅಮೆರಿಕದ 101ನೆಯ ಛತ್ರೀದಳದ ಕಸುಬಾಗಿತ್ತು. 1944ರ ಜೂನ್ 5ರ ಸಂಜೆ ಇಂಗ್ಲೆಂಡಿನಲ್ಲಿ ಆ ಯೋಧರನ್ನು ಬೀಳ್ಕೊಟ್ಟವರು ಸೇನಾಪತಿ ಐಸೆನ್‌ಹೋವರ್. ಆ ರಾತ್ರಿಯೇ ಅವರು ನಾರ್ಮಂಡಿಯ ಕತ್ತಲೆಗೆ ಹಾರಿದರು. ಆದರೆ ಈ ದಳದ ಚರಿತ್ರೆಯಲ್ಲಿ ನನಗೆ ಹಿರಿದೆನಿಸುವ ಪುಟ ಬೇರೆ. 1957ರ ಸೆಪ್ಟೆಂಬರಿನಲ್ಲಿ, ರಾಷ್ಟ್ರಾಧ್ಯಕ್ಷರಾಗಿದ್ದ ಅದೇ ಐಸೆನ್‌ಹೋವರ್ ಈ ದಳದವರನ್ನು ಲಿಟಲ್ ರಾಕ್ ನಗರಕ್ಕೆ ಕಳುಹಿಸಿದರು. ನ್ಯಾಯಾಲಯದ ತೀರ್ಪಿನಂತೆ ಬಿಳಿಯರ ಪ್ರೌಢಶಾಲೆಗೆ ಸೇರಬಂದ ಕಪ್ಪು ಜನಾಂಗದ ಒಂಬತ್ತು ವಿದ್ಯಾರ್ಥಿಗಳನ್ನು ಆ ರಾಜ್ಯದ ಗವರ್ನರೇ ತಡೆದಿದ್ದರು. 25ರಂದು ಸೈನಿಕರು ಬಂದೂಕಿಗೆ ಬಯನೆಟ್ಟು ಸಿಕ್ಕಿಸಿ, ಮಕ್ಕಳನ್ನು ನಡುವಿರಿಸಿಕೊಂಡು ಮೆಟ್ಟಿಲೇರಿದರು. (ದಳದಲ್ಲಿದ್ದ ಕಪ್ಪು ಸೈನಿಕರನ್ನು ಮಾತ್ರ ಈ ಕಾವಲಿಗೆ ಹಚ್ಚಲಿಲ್ಲ!) ಶಾಲೆಯ ಪಡಸಾಲೆಯಲ್ಲಿಯೂ ಮಗುವಿಗೊಬ್ಬ ಸೈನಿಕ ಬೆಂಗಾವಲಾಗಿ ನಡೆಯುತ್ತಿದ್ದ. ಪಾಠದ ಕೋಣೆಯೊಳಗೆ ಅವನು ಕಾಲಿಡುವಂತಿರಲಿಲ್ಲ. ಅಲ್ಲಿ ಆ ಮಕ್ಕಳು ಒಂಟಿಯಾಗಿಯೇ ಕುಳಿತರು.