ಹಳ್ಳಿಗೆ ಸೊಸೆ ಏಕೆ ಬರುತ್ತಿಲ್ಲ?

2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ. ಎಂ. ದೊಡ್ಡಿಯಿಂದ ಹೊರಟ ಕೆಲವು ಮಂದಿ ಅವಿವಾಹಿತ ತರುಣರು ಮಲೆ ಮಹದೇಶ್ವರನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋದರು. ತಮಗೆ ಹೆಣ್ಣು ಸಿಗಲಿ ಎಂಬುದು ಅವರ ಹರಕೆ. ಪತ್ರಿಕೆಗಳು ಇದನ್ನು ಬ್ರಹ್ಮಚಾರಿಗಳ ಪಾದಯಾತ್ರೆ ಎಂದು ಕರೆದವು, ಓದಿದವರು ನಕ್ಕರು. ನಗುವ ಸಂಗತಿ ಇದಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ, ಚುನಾವಣೆಯ ಭರಾಟೆಯಲ್ಲಿ, ಮಾಜಿ ಮುಖ್ಯಮಂತ್ರಿ ಎಚ್. ಡಿ. ಕುಮಾರಸ್ವಾಮಿಯವರು ರೈತನ ಮಗನನ್ನು ಮದುವೆಯಾಗುವ ಹೆಣ್ಣಿಗೆ 2 ಲಕ್ಷ ರೂಪಾಯಿ ಕೊಡುವ ಭರವಸೆಯಿತ್ತರು. ಅಂದರೆ ರೋಗ ಇದೆಯೆಂದು ದೊಡ್ಡವರೂ ಒಪ್ಪಿದಂತಾಯಿತು. ಮದ್ದು ಮಾತ್ರ ದನದ ಜಾತ್ರೆಯ ಲೆಕ್ಕದ್ದು.

ಇದು ಬರಗಾಲದ ಸೀಮೆಯಿಂದ ಬಂದ ಕೂಗಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಮಂಡ್ಯ ಕನ್ನಂಬಾಡಿಯ ನೀರು ಕಂಡ ಜಿಲ್ಲೆ. ವಿಶ್ವೇಶ್ವರಯ್ಯ ನಾಲೆ, ಕಬ್ಬು, ಭತ್ತ, ಸಕ್ಕರೆ ಕಾರ್ಖಾನೆ, ಬೆಂಗಳೂರು ಮೈಸೂರು ರಸ್ತೆ ಎಲ್ಲವೂ ಅಲ್ಲಿವೆ. ಅಲ್ಲಿಯೇ ಹೀಗಾದರೆ ಪಾವಗಡ, ಮೊಳಕಾಲ್ಮೂರಿನ ಬೆದ್ದಲು ಭೂಮಿಯ ಹುಡುಗನ ಗತಿ ಹೇಳುವುದೇ ಬೇಡ.

ಓದಿದ ಹುಡುಗಿಯರಿಗೆ ಸಗಣಿ ಬಾಚಲು ನಾಚಿಕೆ ಎಂದು ಅರಳಿಕಟ್ಟೆಯ ಹಿರಿಯರು ದೂರುತ್ತಾರೆ. ಇದೇ ಹಿರಿಯರು ತಮ್ಮ ಮಗಳಿಗೆ ಗಂಡು ನೋಡುವಾಗ ಕೇಳುವ ಮೊದಲ ಪ್ರಶ್ನೆ ಯಾವುದು? ಹುಡುಗ ಬೆಂಗಳೂರಿನಲ್ಲಿದ್ದಾನೆಯೆ, ಕೆಲಸ ಸರ್ಕಾರಿಯೆ, ಸ್ವಂತ ಮನೆ ಉಂಟೆ? ಎರಡೆಕರೆ ನೀರಾವರಿಯವನಿಗಿಂತ ಕಾರ್ಖಾನೆಯ ಗುತ್ತಿಗೆ ಕೂಲಿಯವನಾದರೂ ಆದೀತು. ತಾಯಂದಿರಂತೂ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: ನನ್ನ ಪಾಡು ನನ್ನ ಮಗಳಿಗೆ ಬೇಡ.

ಆ ಪಾಡು ಎಂಥದು? ಕೋಳಿ ಕೂಗುವ ಮುಂಚೆ ಕೊಟ್ಟಿಗೆಯ ಕಸ. ಹಾಲು ಕರೆದು ಡೈರಿಗೆ ಹಾಕಬೇಕು. ಅಡಿಗೆ ಮುಗಿಸಿ ನಾಟಿಗೋ ಕಳೆಗೋ ಹೋಗಬೇಕು, ಬರುವಾಗ ಹುಲ್ಲಿನ ಹೊರೆ, ರಾತ್ರಿ ಮತ್ತೆ ಮುದ್ದೆ ತೊಳಸುವುದು. ಇಷ್ಟು ಗೇಯ್ದರೂ ಪಹಣಿಯಲ್ಲಿ ಅವಳ ಹೆಸರಿಲ್ಲ. ಎಷ್ಟೋ ಮನೆಗಳಲ್ಲಿ ಹಾಲಿನ ದುಡ್ಡೂ ಗಂಡನ ಖಾತೆಗೇ ಹೋಗುತ್ತದೆ. ಪಹಣಿಯಿಲ್ಲದ ಕಾರಣ ಬೆಳೆಸಾಲ ಕೊಡುವ ಸೊಸೈಟಿಯ ಲೆಕ್ಕದಲ್ಲಿ ಅವಳು ರೈತಳೇ ಅಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲೆಂದು ನಮ್ಮ ರಾಜ್ಯ 1994ರಲ್ಲೇ ಕಾನೂನು ಮಾಡಿತು. 2005ರಲ್ಲಿ ಅದು ದೇಶಕ್ಕೆಲ್ಲ ಬಂತು. ಕಾನೂನು ಬಂದರೇನು? ತೌರಿಗೆ ಬಂದವಳಿಗೆ ಸೀರೆ, ಅರಿಶಿನ ಕುಂಕುಮ ಕೊಟ್ಟು, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡು ಕಳಿಸುವ ಅಣ್ಣತಮ್ಮಂದಿರು ಊರೂರಿನಲ್ಲೂ ಇದ್ದಾರೆ. ತೌರಿನಲ್ಲೂ ನೆಲವಿಲ್ಲ, ಗಂಡನ ಮನೆಯಲ್ಲೂ ಇಲ್ಲ. ಆದರೂ ಅವಳು ಮಣ್ಣನ್ನು ಪ್ರೀತಿಸಬೇಕಂತೆ!

ಕಹಿಯಾದ ಇನ್ನೊಂದು ಮಾತನ್ನೂ ಹೇಳಲೇಬೇಕಾಗಿದೆ. ಅದೇ 2023ರ ಕೊನೆಯಲ್ಲಿ, ಅದೇ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟುಕೊಂಡು ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಾಯಿತು. ಸೊಸೆ ಬೇಕು, ಮಗಳು ಬೇಡ ಎಂಬ ಸೀಮೆಗೆ ಆ ಮಹದೇಶ್ವರನಾದರೂ ಎಲ್ಲಿಂದ ಹೆಣ್ಣು ತಂದಾನು?

ಇನ್ನು ಹುಡುಗರು. ನಾವು ಮೇಷ್ಟರಾಗಿದ್ದಾಗ "ಮುಂದೆ ನೀನೇನಾಗುವೆ" ಎಂದು ಪ್ರಬಂಧ ಬರೆಸಿದರೆ ಪೊಲೀಸು, ಇಂಜಿನಿಯರು, ಮೇಷ್ಟರು ಎಂದೆಲ್ಲ ಬರೆಯುತ್ತಿದ್ದರು. ಬೇಸಾಯಗಾರನಾಗುವೆ ಎಂದು ಬರೆದ ಒಬ್ಬನೂ ನೆನಪಿಗೆ ಬಾರನು. ಅವರು ಸೋಮಾರಿಗಳಲ್ಲ, ಲೆಕ್ಕ ಬಲ್ಲವರು. 2015-16ರ ಕೃಷಿ ಗಣತಿಯಂತೆ ರಾಜ್ಯದ ಸರಾಸರಿ ಹಿಡುವಳಿ 1.36 ಹೆಕ್ಟೇರು, ಎಂದರೆ ಮೂರೆಕರೆ ಚಿಲ್ಲರೆ. ಇಬ್ಬರು ಅಣ್ಣತಮ್ಮಂದಿರು ಪಾಲಾದರೆ ಮದುವೆಯ ಮಾತು ದೂರ, ಬಡ್ಡಿ ತೀರುವುದೇ ಕಷ್ಟ. ಆದ್ದರಿಂದ ಒಬ್ಬನು ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ನಾಲ್ವರ ಜೊತೆ ಬಾಡಿಗೆ ಕೋಣೆ ಹಿಡಿದು ಸರ್ಕಾರಿ ಪರೀಕ್ಷೆಗೆ ಓದುತ್ತಾನೆ. ಅವನಿಗೆ ಸರ್ಕಾರ ಮಾಡಿದ್ದೇನು? 545 ಸಬ್ ಇನ್ಸ್‌ಪೆಕ್ಟರ್ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕದ್ದವರು ಕೆಲವರು, ದಂಡ ತೆತ್ತವರು ಅಪ್ಪನ ಕಡಲೆಕಾಯಿ ಮಾರಿದ ದುಡ್ಡಿನಲ್ಲಿ ಕೋಣೆ ಬಾಡಿಗೆ ಕಟ್ಟಿದವರು. ಆ ಎರಡು ವರ್ಷಗಳು ಅವರ ವಯಸ್ಸಿನಿಂದ ಹೋದವು. ವಯಸ್ಸು ಹೋದವನಿಗೆ ಕೆಲಸವೂ ಇಲ್ಲ, ಹೆಣ್ಣೂ ಇಲ್ಲ.

ಇತ್ತ ನೆಲದ ಕಥೆ ಬೇರೆ. ಕಾಗೋಡಿನ ಗೇಣಿದಾರರು 1951ರಲ್ಲಿ ಸೆರೆಮನೆ ಕಂಡರು. 1974ರ ತಿದ್ದುಪಡಿ ಉಳುವವನನ್ನು ಒಡೆಯನನ್ನಾಗಿ ಮಾಡಿತು. 2020ರಲ್ಲಿ 79ಎ, 79ಬಿ ಕಲಮುಗಳನ್ನು ಕಿತ್ತುಹಾಕಿ, ಬೇಸಾಯಗಾರನಲ್ಲದ ಹಣವಂತನಿಗೂ ಹೊಲ ಕೊಳ್ಳಲು ಬಾಗಿಲು ತೆರೆದರು. ಹಳ್ಳಿಯ ಹುಡುಗ ಬೆಂಗಳೂರಿನಲ್ಲಿ ಒಂದು ಕೋಣೆಯ ಕನಸು ಕಾಣುತ್ತಿರುವಾಗ ಬೆಂಗಳೂರಿನ ಸಾಹುಕಾರ ಇವನ ಹೊಲದಲ್ಲಿ ತೋಟದ ಮನೆ ಕಟ್ಟಿಸುತ್ತಾನೆ.

2 ಲಕ್ಷದ ಸೊಸೆ ನಮಗೆ ಬೇಡ. ಗಂಡನ ಪಹಣಿಯಲ್ಲಿ ಹೆಂಡತಿಯ ಹೆಸರೂ ಜಂಟಿಯಾಗಿ ಏರಲಿ. 2023ರ ಜೂನಿನಲ್ಲಿ ಹೆಂಗಸರಿಗೆ ಬಸ್ಸನ್ನು ಉಚಿತ ಮಾಡಿದ್ದು ಒಳ್ಳೆಯ ಕೆಲಸವೇ. ಆದರೆ ಕಾಲೇಜಿನ ಹೊತ್ತಿಗೆ ಬಸ್ಸೇ ಬಾರದ ಊರಿಗೆ ಉಚಿತ ಟಿಕೆಟ್ಟಿನಿಂದ ಏನಾಗಬೇಕು? ನೇಮಕಾತಿ ಪರೀಕ್ಷೆಗೆ ವರ್ಷವರ್ಷವೂ ನಿಗದಿಯಾದ ದಿನವಿರಲಿ, ಸರ್ಕಾರದ ತಪ್ಪಿನಿಂದ ತಡವಾದಷ್ಟು ಕಾಲ ವಯೋಮಿತಿ ತಾನಾಗಿ ಏರಲಿ. ಮುಂದಿನ ಗ್ರಾಮಸಭೆಯಲ್ಲಿ ನಮ್ಮ ಗೆಳೆಯರು ಎದ್ದು ನಿಂತು ಒಂದು ಪ್ರಶ್ನೆ ಕೇಳಲಿ: ಈ ಊರಿನ ಎಷ್ಟು ಪಹಣಿಗಳಲ್ಲಿ ಹೆಂಗಸಿನ ಹೆಸರಿದೆ? ಗ್ರಾಮ ಆಡಳಿತಾಧಿಕಾರಿಗಳು ಎಲ್ಲರೆದುರು ಓದಿ ಹೇಳಲಿ. ಬಂದ ಉತ್ತರವನ್ನು ನಮಗೆ ಬರೆದು ಕಳಿಸಿ. ಊರಿನ ಹೆಸರಿನೊಡನೆ ಅಚ್ಚು ಹಾಕುತ್ತೇವೆ.